ದಕ್ಷಿಣ ಆಫ್ರಿಕದ ಅಂಗಡಿಗಳು ಮತ್ತು ನಮ್ಮ ಬಿ.ಎನ್. ರಾವ್

ಸಂವಿಧಾನ ಅಂದ ಕೂಡಲೇ ಅಂಬೇಡ್ಕರ್ ಹೆಸರು ನಮ್ಮ ಶಾಲೆ ಮಕ್ಕಳೂ ಹೇಳುತ್ತಾರೆ, ಹೇಳಬೇಕಾದ್ದೇ. ಆದರೆ ಕರಡು ಸಮಿತಿಯ ಮುಂದೆ ಬಂದ ಮೊದಲ ಕರಡನ್ನು ತಯಾರು ಮಾಡಿದ್ದು ನಮ್ಮದೇ ಜಿಲ್ಲೆಯವರು ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. ಪೆರ್ಲದಲ್ಲಿ ಕೂತು ನಮ್ಮ ಜಿಲ್ಲೆ ಅಂದರೆ ಕೆಲವರಿಗೆ ಗೊಂದಲ ಆಗಬಹುದು. 1956 ನವೆಂಬರ್ 1ರಂದು ಕೇರಳ ರಾಜ್ಯ ಆಗುವ ತನಕ ಕಾಸರಗೋಡು ತಾಲೂಕು ಮದ್ರಾಸಿನ ಆಡಳಿತದಲ್ಲಿ, ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇತ್ತು.

ಬೆನೆಗಲ್ ನರಸಿಂಗ ರಾವ್ ಹುಟ್ಟಿದ್ದು 1887 ಫೆಬ್ರವರಿ 26ರಂದು, ಸಾರಸ್ವತ ಕುಟುಂಬದಲ್ಲಿ. ತಂದೆ ಡಾಕ್ಟರ್. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಅಲ್ಲಿಂದ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜು. 1909ರಲ್ಲಿ ಐಸಿಎಸ್ ಪಾಸಾಗಿ ಬಂಗಾಳದಲ್ಲಿ ಕೆಲಸಕ್ಕೆ ಸೇರಿದರು. ಒಬ್ಬ ತಮ್ಮ ಬಿ. ಶಿವರಾವ್ ಪತ್ರಕರ್ತರು, ಮತ್ತೊಬ್ಬ ತಮ್ಮ ರಾಮರಾವ್ ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದವರು. ಈ ರಾಮರಾವ್ 1938ರಿಂದ 1941ರವರೆಗೆ ಭಾರತದ ಪ್ರತಿನಿಧಿಯಾಗಿ ದಕ್ಷಿಣ ಆಫ್ರಿಕದಲ್ಲಿದ್ದರು. ಅಂದರೆ ಅಲ್ಲಿನ ಬಣ್ಣಭೇದ ಈ ಮನೆಗೆ ಬರೀ ಪೇಪರಿನ ಸುದ್ದಿ ಆಗಿರಲಿಲ್ಲ.

1946ರಲ್ಲಿ ನರಸಿಂಗ ರಾವ್ ಸಂವಿಧಾನ ಸಭೆಯ ಸಲಹೆಗಾರರಾದರು, ಸಂಬಳ ತೆಗೆದುಕೊಳ್ಳದೆ ದುಡಿದರು. 1947ರ ಅಕ್ಟೋಬರಿಗೆ ಕರಡು ತಯಾರು. ಆಮೇಲೆ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ ದೊಡ್ಡ ದೊಡ್ಡ ಕಾನೂನು ಪಂಡಿತರ ಹತ್ತಿರ ಮಾತಾಡಿ ಬಂದರು. ಅಮೆರಿಕದ ನ್ಯಾಯಾಧೀಶ ಫ್ರಾಂಕ್‌ಫರ್ಟರ್ ಮಾತು ಕೇಳಿ, ವ್ಯಕ್ತಿಸ್ವಾತಂತ್ರ್ಯದ ವಿಧಿಯನ್ನು ಸಡಿಲ ಮಾಡುವುದಕ್ಕೆ ಅವರೂ ಕಾರಣರಾದರು. ಸರ್ಕಾರ ಮಾಡಿದ ಕಾನೂನಿನಲ್ಲಿ ಕ್ರಮ ಅಂತ ಒಂದಿದ್ದರೆ ಸಾಕು, ಆ ಕ್ರಮ ನ್ಯಾಯವಾದದ್ದೋ ಅಲ್ಲವೋ ಅಂತ ಕೋರ್ಟು ನೋಡುವ ಹಾಗಿಲ್ಲ ಎಂಬ ಸ್ಥಿತಿ ಅದರಿಂದ ಬಂತು. 1978ರ ಮೇನಕಾ ಗಾಂಧಿ ತೀರ್ಪಿನ ತನಕ ಬಹುಮಟ್ಟಿಗೆ ಹಾಗೆಯೇ ನಡೆಯಿತು. ವಿಚಾರಣೆ ಇಲ್ಲದೆ ಒಳಗೆ ಕೂತವರ ಮನೆಯವರಿಗೆ ಇದರ ಭಾರ ಗೊತ್ತು. ಅವರು ದೊಡ್ಡವರೇ, ಆದರೂ ಈ ವಿಷಯದಲ್ಲಿ ಅವರ ಸಲಹೆ ನನಗೆ ಸರಿ ಕಾಣುವುದಿಲ್ಲ.

ಇನ್ನು ದಕ್ಷಿಣ ಆಫ್ರಿಕದ ಕಥೆ. 1860ರಿಂದ ಕಬ್ಬಿನ ತೋಟಕ್ಕೆ ಕೂಲಿಗಳಾಗಿ ನಮ್ಮ ಜನ ನಟಾಲಿಗೆ ಹೋದರು. ಅವರ ಹಿಂದೆ ಸ್ವಂತ ಖರ್ಚಿನಲ್ಲಿ ವ್ಯಾಪಾರಿಗಳು ಹೋದರು, ಅವರಲ್ಲಿ ಗುಜರಾತಿನ ಮೇಮನ್, ಸೂರತಿ ಮುಸ್ಲಿಮರು ಬಹಳ. ಗಾಂಧೀಜಿ 1893ರಲ್ಲಿ ಅಲ್ಲಿಗೆ ಹೋದದ್ದೇ ದಾದಾ ಅಬ್ದುಲ್ಲಾ ಎಂಬ ವ್ಯಾಪಾರಿಯ ಕಂಪೆನಿಯ ಕೇಸಿಗಾಗಿ. 1946ರಲ್ಲಿ ಅಲ್ಲಿನ ಬಿಳಿಯರ ಸರ್ಕಾರ, ಭಾರತೀಯರು ಎಲ್ಲಿ ಜಾಗ ಕೊಳ್ಳಬಹುದು, ಎಲ್ಲಿ ಇರಬಹುದು ಅಂತ ಗೆರೆ ಎಳೆಯಿತು. 1950ರ ಗ್ರೂಪ್ ಏರಿಯಾಸ್ ಕಾಯ್ದೆ ಇನ್ನೂ ಕಠಿಣ. ಇಪ್ಪತ್ತು ಮೂವತ್ತು ವರ್ಷ ಕೂತು ಗಿರಾಕಿ ಮಾಡಿಕೊಂಡ ಅಂಗಡಿಯನ್ನು, ಈ ಬೀದಿ ಬಿಳಿಯರದ್ದು ಅಂತ ಹೇಳಿ ಬಿಡಿಸಿದರೆ ಏನಾಗುತ್ತದೆ? ಗಿರಾಕಿಯನ್ನು ಗೋಣಿಯಲ್ಲಿ ತುಂಬಿಸಿ ಹೊಸ ಜಾಗಕ್ಕೆ ಕೊಂಡುಹೋಗಲಿಕ್ಕೆ ಆಗುವುದಿಲ್ಲ. ಅಂಗಡಿ ಇಟ್ಟವನಿಗೆ ಇದು ಬೇರೆಯವರು ಹೇಳಿಕೊಡಬೇಕಾದ ವಿಷಯ ಅಲ್ಲ.

ಸ್ವಾತಂತ್ರ್ಯಕ್ಕೂ ಮುಂಚೆ, 1946ರಲ್ಲೇ ಭಾರತ ದಕ್ಷಿಣ ಆಫ್ರಿಕದ ಜೊತೆ ವ್ಯಾಪಾರ ನಿಲ್ಲಿಸಿತು, ವಿಶ್ವಸಂಸ್ಥೆಗೆ ದೂರು ಕೊಟ್ಟಿತು. ವಿಜಯಲಕ್ಷ್ಮಿ ಪಂಡಿತ್ ವಾದ ಮಂಡಿಸಿದರು. ಡಿಸೆಂಬರ್ 8ರಂದು 32 ದೇಶ ಪರ, 15 ವಿರುದ್ಧ, 7 ತಟಸ್ಥ. ಇದು ನಮ್ಮ ಮನೆಯೊಳಗಿನ ವಿಷಯ, ನೀವು ಯಾರು ಕೇಳಲಿಕ್ಕೆ ಅಂತ ದಕ್ಷಿಣ ಆಫ್ರಿಕದ ವಾದ. ನಿಮ್ಮ ಜಾತಿ ಪದ್ಧತಿ ಏನು ಅಂತಲೂ ತಿರುಗಿಸಿ ಕೇಳಿದರು. ಆ ಚುಚ್ಚು ಸುಳ್ಳಲ್ಲ. ಅಸ್ಪೃಶ್ಯತೆಯನ್ನು ಅಪರಾಧ ಮಾಡಿದ ಸಂವಿಧಾನ ಜಾರಿಗೆ ಬಂದದ್ದು 1950ರಲ್ಲಿ.

ಅಷ್ಟೊತ್ತಿಗೆ ವಿಶ್ವಸಂಸ್ಥೆಯಲ್ಲಿ ಭಾರತದ ಕಾಯಂ ಪ್ರತಿನಿಧಿ ನರಸಿಂಗ ರಾವ್. ನಮ್ಮ ಯುವಕರು ಗಮನಿಸಬೇಕಾದ ಸಂಗತಿ ಇಲ್ಲುಂಟು. ಕಾಶ್ಮೀರದ ವಿಷಯದಲ್ಲಿ ಅವರು ಭದ್ರತಾ ಮಂಡಳಿಯಲ್ಲಿ ಪಾಕಿಸ್ತಾನದ ವಿರುದ್ಧ ಭಾರತದ ವಾದ ಮಂಡಿಸುತ್ತಿದ್ದರು. ಅದೇ ಕಾಲದಲ್ಲಿ ದಕ್ಷಿಣ ಆಫ್ರಿಕದ ವಿಷಯಕ್ಕೆ ಬಂದಾಗ ಭಾರತ, ಪಾಕಿಸ್ತಾನ ಎರಡೂ ಒಂದೇ ಬದಿ. ಮಾತುಕತೆಗೆ 1950ರ ಫೆಬ್ರವರಿಯಲ್ಲಿ ಎರಡೂ ದೇಶದವರು ಕೇಪ್‌ಟೌನಿಗೆ ಹೋಗಿದ್ದರು. ಗ್ರೂಪ್ ಏರಿಯಾಸ್ ಕಾಯ್ದೆ ಬಂದು ಅದು ಮುರಿದುಬಿತ್ತು. ಆ ವರ್ಷ ಡಿಸೆಂಬರ್ 2ರಂದು, ಜನಾಂಗಗಳನ್ನು ಬೇರೆ ಬೇರೆ ಇಡುವ ನೀತಿಯೇ ಜನಾಂಗಭೇದದ ಮೇಲೆ ನಿಂತದ್ದು ಅಂತ ಮಹಾಸಭೆ ನಿರ್ಣಯ ಮಾಡಿತು. ಅಲ್ಲಿಯ ತನಕ ಅದು ಭಾರತೀಯರ ಕಷ್ಟದ ಕೇಸು ಮಾತ್ರ ಆಗಿತ್ತು. 1952ರಲ್ಲಿ ಏಷ್ಯಾ ಮತ್ತು ಅರಬ್ ದೇಶಗಳು 13 ಸೇರಿ ಅಪಾರ್ಥೀಡನ್ನೇ ಪ್ರತ್ಯೇಕ ವಿಷಯವಾಗಿ ತಂದವು. ಕರಿಯರ ಸಂಕಟವೂ ಆಗ ಸಭೆಯ ಮುಂದೆ ಬಂತು.

ಅಷ್ಟರಲ್ಲಿ ರಾವ್ ಹೇಗ್‌ಗೆ, ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ ಹೋಗಿದ್ದರು. ಅದಕ್ಕೂ ಮುಂಚೆ 1950ರ ಜೂನಿನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಕುರ್ಚಿಯಲ್ಲಿದ್ದದ್ದೂ ಇವರೇ. ವರ್ಷದ ಕೊನೆಗೆ ಕದನವಿರಾಮಕ್ಕೆ ಪ್ರಯತ್ನಿಸಿದ ಮೂವರಲ್ಲಿ ಒಬ್ಬರು. ಅದು ಆಗ ಕೈಗೂಡಲಿಲ್ಲ.

1953 ನವೆಂಬರ್ 30ರಂದು ಅವರು ಜ್ಯೂರಿಕ್‌ನಲ್ಲಿ ತೀರಿಕೊಂಡರು. ಜನಾಂಗಭೇದದ ವಿರುದ್ಧ ಎಲ್ಲ ಸರ್ಕಾರಗಳೂ ಸೇರುವ ಒಪ್ಪಂದ ವಿಶ್ವಸಂಸ್ಥೆಯಲ್ಲಿ ಆದದ್ದು 1965ರಲ್ಲಿ, ಭಾರತ ಅದಕ್ಕೆ ಪೂರ್ತಿ ಒಪ್ಪಿಗೆ ಕೊಟ್ಟದ್ದು 1968ರಲ್ಲಿ. 1946ರಲ್ಲಿ ನಿಲ್ಲಿಸಿದ ವ್ಯಾಪಾರವನ್ನು ಭಾರತ ಮತ್ತೆ ಶುರು ಮಾಡಿದ್ದು 1993ರಲ್ಲಿ.