ರೇಡಿಯೊ ಬೇಡವೆಂದ ಪೇಟಿ

ಕಷ್ಟಪಟ್ಟು ಕಲಿತ ವಿದ್ಯೆಗೆ ದೇಶದ ದೊಡ್ಡ ಸರ್ಕಾರಿ ಸಂಸ್ಥೆಯೊಂದು ಇದ್ದಕ್ಕಿದ್ದಂತೆ ಬಾಗಿಲು ಹಾಕಿಬಿಟ್ಟರೆ? ನೇಮಕಾತಿ ಅಧಿಸೂಚನೆಗಾಗಿ ಕಾಯುತ್ತ ಕೂತ ನನ್ನಂಥವರಿಗೆ ಇದು ಬರೀ ಊಹೆಯ ಪ್ರಶ್ನೆಯಲ್ಲ. ಹಾರ್ಮೋನಿಯಂ ವಾದಕ ಪಂಡಿತ ರಾಮಭಾವು ಬಿಜಾಪುರೆ ಅವರಿಗೆ ಹೀಗಾದಾಗ ವಯಸ್ಸು 23.

1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೊ ತನ್ನ ಕಾರ್ಯಕ್ರಮಗಳಿಂದ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಅದು ಯುರೋಪಿನಿಂದ ಬಂದ ವಾದ್ಯ, ನಮ್ಮ ಸಂಗೀತಕ್ಕೆ ಹೊಂದುವುದಿಲ್ಲ ಎಂಬುದು ದೂರು. ಕವಿ ರವೀಂದ್ರನಾಥ ಟ್ಯಾಗೋರರಿಗೂ ಅದು ಸೇರುತ್ತಿರಲಿಲ್ಲ. ದೂರಿನಲ್ಲಿ ಹುರುಳಿಲ್ಲ ಎನ್ನಲಾಗದು. ನಮ್ಮ ಹುಲಸೂರಿನ ಭಜನೆಯಲ್ಲಿ ನಾನೂ ಆಗಾಗ ಪೇಟಿ ಹಿಡಿದು ಕೂರುತ್ತೇನೆ. ಹಾಡುವವರು ಗಾಂಧಾರದಿಂದ ಮಧ್ಯಮಕ್ಕೆ ಜಾರುತ್ತ ಹೋದರೆ ಆ ಜಾರುದಾರಿಗೆ ಪೇಟಿಯಲ್ಲಿ ಮನೆಯೇ ಇಲ್ಲ. ಒಂದು ಸಪ್ತಕಕ್ಕೆ ಹನ್ನೆರಡು ಮನೆ, ಒಳಗೆ ಹಿತ್ತಾಳೆಯ ರೀಡು. ಒತ್ತಿದರೆ ಅಳತೆ ಮಾಡಿಟ್ಟ ಸ್ವರವೇ ಬರುತ್ತದೆ. ಮೀಂಡ್ ಎಲ್ಲಿಂದ ತರುವುದು? ಮೇಲಾಗಿ ಎಡಗೈ ತಿದಿ ಒತ್ತಬೇಕು, ನುಡಿಸಲು ಉಳಿಯುವುದು ಒಂದೇ ಕೈ.

ಬಿಜಾಪುರೆ ಹುಟ್ಟಿದ್ದು 1917ರಲ್ಲಿ, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಬೆಳಗಾವಿ ಜಿಲ್ಲೆಯ ಕಾಗವಾಡದಲ್ಲಿ. ಗಡಿಯ ಎರಡೂ ಕಡೆ ನಾಟಕ ಕಂಪನಿಗಳ ಕಾಲ ಅದು. ರಂಗದ ಮುಂದೆ ಕಾಲಿನಿಂದ ತುಳಿದು ನುಡಿಸುವ ಹಾರ್ಮೋನಿಯಂ, ದೊಡ್ಡ ಕಂಪನಿಗಳಲ್ಲಿ ಆರ್ಗನ್. ಅವರಿಗೆ ಪೇಟಿ ಹಿಡಿಸಿದವರು ಅಣ್ಣಿಗೇರಿ ಮಲ್ಲಯ್ಯ. ಅಷ್ಟಕ್ಕೇ ನಿಲ್ಲದೆ ಅವರು ಗ್ವಾಲಿಯರ್ ಘರಾನೆಯ ಹಿರಿಯ ಗಾಯಕ ರಾಮಕೃಷ್ಣಬುವಾ ವಝೆ ಅವರ ಬಳಿ ಹಾಡುಗಾರಿಕೆಯನ್ನೂ ಕಲಿತರು. ನನ್ನ ಲೆಕ್ಕದಲ್ಲಿ ಅವರ ಬದುಕಿನ ತಿರುವು ಇದೇ. ಹಾಡಲು ಬಲ್ಲವನ ಬೆರಳಿಗೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಯಾವ ಸ್ವರವನ್ನು ಸವರಿ ಬಿಡಬೇಕು, ಯಾವುದರ ಮೇಲೆ ನಿಲ್ಲಬೇಕು ಎಂಬುದು ಗೊತ್ತಿರುತ್ತದೆ. ಮೀಂಡ್ ಬರದ ಪೇಟಿಯಲ್ಲೂ ಚಿಕ್ಕ ಕಣಸ್ವರಗಳಿಂದ, ತಿದಿಯ ಗಾಳಿಯನ್ನು ಏರಿಸಿ ಇಳಿಸಿ ಹಾಡಿನ ಭಾವ ತರಬಹುದು. ಬಿಜಾಪುರೆ ಹೆಸರಾದದ್ದು ಈ ಗಾಯಕಿ ಅಂಗದ ನುಡಿಸಾಣಿಕೆಗೆ.

ಸಾತ್ ಸಮುದ್ರದ ಆಚೆಯೂ ಇಂಥದೇ ಒಂದು ಕಥೆ ಇದೆ. ಅಮೆರಿಕದ ಜಾಝ್ ಆರ್ಗನ್ ವಾದಕ ಜಿಮ್ಮಿ ಸ್ಮಿತ್ 1950ರ ದಶಕದಲ್ಲಿ ಹ್ಯಾಮಂಡ್ ಆರ್ಗನ್ನಿಗೆ ಹೊಸ ದಾರಿ ತೋರಿಸಿದಾಗ, ಅವರ ಬಲಗೈಗೆ ಮಾದರಿಯಾದದ್ದು ಸ್ಯಾಕ್ಸೊಫೋನಿನಂಥ ಊದುವ ವಾದ್ಯ. ಅವರು ಊದುವವರಿಂದ ಕಲಿತರು, ಇವರು ಹಾಡುವವರಿಂದ.

1950ರಲ್ಲಿ ಧಾರವಾಡಕ್ಕೆ ಆಕಾಶವಾಣಿ ಬಂತು. ಬೆಳಗಾವಿಯಲ್ಲಿ ನೆಲೆಸಿದ್ದ ಬಿಜಾಪುರೆ ಅವರಿಗೆ ಎಷ್ಟು ಹತ್ತಿರ! ಆದರೆ ಹಾರ್ಮೋನಿಯಂಗೆ ಪ್ರವೇಶವಿಲ್ಲ. ಅವರು ವಾದ್ಯ ಬದಲಿಸಲಿಲ್ಲ. ಬೆಳಗಾವಿಯಲ್ಲಿ ಶ್ರೀರಾಮ ಸಂಗೀತ ಮಹಾವಿದ್ಯಾಲಯ ನಡೆಸಿದರು, ಮಕ್ಕಳಿಗೆ ಕಲಿಸಿದರು, ಕರೆದ ಕಡೆ ಪಕ್ಕವಾದ್ಯಕ್ಕೆ ಹೋದರು.

ಕರೆದವರಾದರೂ ಯಾರು? ಬಡೇ ಗುಲಾಂ ಅಲಿ ಖಾನ್, ಅಮೀರ್ ಖಾನ್, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ, ಕುಮಾರ ಗಂಧರ್ವ, ಭೀಮಸೇನ ಜೋಶಿ. ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಅಮೀರ್ ಖಾನರದು ಅತಿ ನಿಧಾನದ ವಿಲಂಬಿತ. ಅಲ್ಲಿ ಪೇಟಿ ಒಂದು ಸ್ವರ ಅವಸರ ಮಾಡಿದರೂ ಕಟ್ಟಿದ್ದೆಲ್ಲ ಕೆಡುತ್ತದೆ. ಭೀಮಸೇನರ ತಾನುಗಳ ಹಿಂದೆ ಓಡುವುದು ಬೇರೆಯೇ ಪಾಡು. ಮನಸೂರರು ಜೈಪುರ-ಅತ್ರೌಲಿ ಘರಾನೆಯವರು. ಹೆಚ್ಚು ಜನ ಹಾಡದ ಅಪರೂಪದ ರಾಗ, ಜೋಡುರಾಗಗಳನ್ನು ವೇದಿಕೆಯ ಮೇಲೆ ಸಲೀಸಾಗಿ ಎತ್ತಿಕೊಂಡುಬಿಡುವವರು. ಪಕ್ಕದಲ್ಲಿ ಕೂತವನಿಗೆ ಆ ರಾಗದ ನಡೆ ಗೊತ್ತಿಲ್ಲದಿದ್ದರೆ ಸಭೆಯ ಎದುರೇ ಬಯಲಾಗುತ್ತದೆ. ಪಕ್ಕವಾದ್ಯದವನು ಮನೆಯಿಂದ ತಯಾರಿ ಮಾಡಿಕೊಂಡು ಬರುವ ಹಾಗೂ ಇಲ್ಲ, ಪ್ರಶ್ನೆಪತ್ರಿಕೆ ಕೈಗೆ ಸಿಗುವುದೇ ವೇದಿಕೆಯ ಮೇಲೆ. ಗಾಯಕರು ಉಸಿರೆಳೆಯುವ ಗಳಿಗೆಯಲ್ಲಿ ಖಾಲಿ ಜಾಗ ತುಂಬಬೇಕು, ಅವರು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಸರಿದು ನಿಲ್ಲಬೇಕು. ಗುರು ವಝೆಬುವಾ ಅವರ ತಲೆಮಾರಿನಿಂದ ಹಿಡಿದು ತಮಗಿಂತ ಎಷ್ಟೋ ಕಿರಿಯ ಗಾಯಕರವರೆಗೆ ಬಿಜಾಪುರೆ ಈ ಕೆಲಸ ಮಾಡಿದರು. ಚಪ್ಪಾಳೆ ಬಹುಪಾಲು ಹಾಡಿದವರಿಗೇ ಹೋಗುವ ಕೆಲಸ ಇದು, ಅದನ್ನೂ ಹೇಳಬೇಕು.

1971ರಲ್ಲಿ ಆಕಾಶವಾಣಿ ನಿಷೇಧವನ್ನು ಸಡಿಲಿಸಿತು. ಅದೂ ಪಕ್ಕವಾದ್ಯಕ್ಕೆ ಮಾತ್ರ. ಆಗ ಬಿಜಾಪುರೆ ಅವರಿಗೆ 54 ವರ್ಷ, ಹರೆಯದ 31 ವರ್ಷಗಳು ಆ ಆದೇಶದ ಅಡಿಯಲ್ಲೇ ಕಳೆದಿದ್ದವು. ಆ ವಯಸ್ಸಿಗೆ ಬಾಗಿಲು ತೆರೆದರೆ ಖುಷಿಯಾಗುತ್ತದೋ, ಸಿಟ್ಟು ಬರುತ್ತದೋ? ನನಗಾದರೆ ಸಿಟ್ಟೇ ಬರುತ್ತಿತ್ತು.

ಆಮೇಲೂ ಅವರು ಸುಮಾರು ನಲವತ್ತು ವರ್ಷ ಬದುಕಿದರು. 2010ರ ನವೆಂಬರ್ 19ರಂದು ಬೆಳಗಾವಿಯಲ್ಲಿ ತೀರಿಕೊಂಡಾಗ 93 ವರ್ಷ. ಅವರಲ್ಲಿ ಕಲಿತ ರವೀಂದ್ರ ಕಾಟೋಟಿ, ಸುಧಾಂಶು ಕುಲಕರ್ಣಿ ಅವರು ಪಕ್ಕಕ್ಕೆ ಕೂರುವುದರ ಜೊತೆಗೆ, ಪೇಟಿಯನ್ನೇ ನಡುವೆ ಇಟ್ಟುಕೊಂಡು ಒಬ್ಬರೇ ಕಛೇರಿ ಕೊಡುತ್ತಾರೆ.