ಸೀಸದ ಮುದ್ರೆ ಹೊತ್ತ ಪತ್ರಗಳು

ಮಕ್ಕಳೇ, ಬೆಂಗಳೂರಿನ ಕ್ಯಾಥೊಲಿಕ್ ಧರ್ಮಕ್ಷೇತ್ರ ಹುಟ್ಟಿದ್ದು ರೋಮಿನಿಂದ ಹೊರಟ ಒಂದು ಪತ್ರದಿಂದ. 1940ರಲ್ಲಿ ಹನ್ನೆರಡನೇ ಪಯಸ್ ಪೋಪರು ಬೆಂಗಳೂರನ್ನು ಮೈಸೂರು ಧರ್ಮಕ್ಷೇತ್ರದಿಂದ ಬೇರ್ಪಡಿಸಿದರು. ಇಂಥ ಪತ್ರಗಳಿಗೆ ಸಾವಿರ ವರ್ಷಕ್ಕೂ ಮೀರಿದ ಪರಂಪರೆಯಿದೆ.

ಮೊದಲು ಜೊಂಡಿನಿಂದ ಮಾಡಿದ ಪಪೈರಸ್ ಹಾಳೆಯ ಮೇಲೆ ಬರೆಯುತ್ತಿದ್ದರು. ಹನ್ನೊಂದನೇ ಶತಮಾನದಲ್ಲಿ ಹದ ಮಾಡಿದ ಚರ್ಮದ ಹಾಳೆ ಅದರ ಜಾಗಕ್ಕೆ ಬಂತು. ಭಾಷೆ ಲ್ಯಾಟಿನ್. ಪೋಪರು ತಮ್ಮ ಹೆಸರಿನ ಜೊತೆಗೆ 'ದೇವರ ಸೇವಕರ ಸೇವಕ' ಎಂದು ಬರೆಸುತ್ತಿದ್ದರು. ಎಷ್ಟು ದೊಡ್ಡ ವಿನಯ!

ನನಗೆ ಎಲ್ಲಕ್ಕಿಂತ ಇಷ್ಟ ಮುದ್ರೆ. ಹಾಳೆಯ ಕೆಳಗಿನ ಅಂಚನ್ನು ಮಡಚಿ, ತೂತು ಮಾಡಿ, ದಾರ ಪೋಣಿಸುತ್ತಾರೆ. ದಾರದ ತುದಿಗಳನ್ನು ಸೀಸದ ಬಿಲ್ಲೆಯೊಳಗೆ ಸೇರಿಸಿ, ಎರಡು ಅಚ್ಚುಗಳ ನಡುವೆ ಇಟ್ಟು ಬಲವಾಗಿ ಒತ್ತುತ್ತಾರೆ. ಒಂದು ಬದಿಯಲ್ಲಿ ಪೋಪರ ಹೆಸರು, ಇನ್ನೊಂದು ಬದಿಯಲ್ಲಿ ಸಂತ ಪೌಲ ಮತ್ತು ಸಂತ ಪೇತ್ರರ ಮುಖಗಳು. ಪೌಲರ ಗಡ್ಡ ಚೂಪು. ಪೇತ್ರರದು ಮುತ್ತು ಪೋಣಿಸಿದಂತೆ ಚುಕ್ಕಿ ಚುಕ್ಕಿ. ದಾರಕ್ಕೂ ಲೆಕ್ಕವಿತ್ತು: ಹಕ್ಕು, ಅನುಗ್ರಹ ಕೊಡುವ ಪತ್ರಕ್ಕೆ ಕೆಂಪು-ಹಳದಿ ರೇಷ್ಮೆ, ಆಜ್ಞೆಯ ಪತ್ರಕ್ಕೆ ಸೆಣಬಿನ ಹುರಿ. ಹೊಸ ಪೋಪರಿಗೆ ಪಟ್ಟವಾಗುವವರೆಗೆ ಹೆಸರಿನ ಬದಿಯನ್ನು ಖಾಲಿ ಬಿಡುತ್ತಿದ್ದರು.

ಇಷ್ಟೆಲ್ಲ ಏಕೆ? ಮೋಸಗಾರರು ಆಗಲೂ ಇದ್ದರು. ಹಳೆಯ ಪತ್ರದ ನಿಜವಾದ ಮುದ್ರೆಯನ್ನು ಬಿಡಿಸಿ ಸುಳ್ಳು ಪತ್ರಕ್ಕೆ ಕಟ್ಟುತ್ತಿದ್ದರು. ಮೂರನೇ ಇನೊಸೆಂಟ್ ಪೋಪರು 1198ರಲ್ಲಿ ಇಂಥ ಕಳ್ಳಪತ್ರಗಳನ್ನು ಹಿಡಿಸಿ, ಅವನ್ನು ಗುರುತಿಸುವ ಬಗೆಯನ್ನು ಧರ್ಮಾಧ್ಯಕ್ಷರಿಗೆ ಬರೆದು ತಿಳಿಸಿದರು.

ಕಾಲಕ್ರಮೇಣ ಪತ್ರಗಳ ಲಿಪಿ ಓದಲಾಗದಷ್ಟು ಗೋಜಲಾಯಿತು. ಹದಿಮೂರನೇ ಲಿಯೋ ಪೋಪರು 1878ರಲ್ಲಿ ಅದನ್ನು ಕೈಬಿಟ್ಟು, ಸೀಸದ ಮುದ್ರೆಯನ್ನು ಮುಖ್ಯ ಪತ್ರಗಳಿಗಷ್ಟೇ ಉಳಿಸಿದರು. 1886ರಲ್ಲಿ ಭಾರತದ ಧರ್ಮಕ್ಷೇತ್ರಗಳಿಗೆ ವ್ಯವಸ್ಥಿತ ರೂಪ ಕೊಟ್ಟವರೂ ಅವರೇ.

ನಾನು ಚಿಕ್ಕವಳಿದ್ದಾಗ ಭಾನುವಾರದ ಪೂಜೆಯಲ್ಲಿ ಗುರುಗಳು ಧರ್ಮಾಧ್ಯಕ್ಷರ ಸುತ್ತೋಲೆ ಓದಿದರೆ ಇಡೀ ದೇವಾಲಯ ಕಿವಿಗೊಡುತ್ತಿತ್ತು. ದೂರದಿಂದ ಬಂದ ಕಾಗದಕ್ಕೆ ಅಷ್ಟು ಮರ್ಯಾದೆ! ಊರಿನಿಂದ ದೂರ ಬೆಳೆಯುವ ನಮ್ಮ ಮಕ್ಕಳಿಗೆ ಆ ಅನುಭವವಿಲ್ಲ. ಅಪ್ಪ-ಅಮ್ಮಂದಿರೇ, ರೋಮಿಗೆ ಹೋದಾಗ ದೇವಾಲಯದ ಗೋಪುರವನ್ನಷ್ಟೇ ತೋರಿಸಿ ಹಿಂದಿರುಗಬೇಡಿ. ವಸ್ತುಸಂಗ್ರಹಾಲಯದಲ್ಲಿ ಹಳೆಯ ಪತ್ರವೊಂದು ಕಂಡರೆ ಮಕ್ಕಳನ್ನು ನಿಲ್ಲಿಸಿ, ದಾರ ರೇಷ್ಮೆಯದೋ ಸೆಣಬಿನದೋ ಕೇಳಿ. ಅದು ಅನುಗ್ರಹವೋ ಆಜ್ಞೆಯೋ, ಅವರೇ ಹೇಳಲಿ.