ಬಿ.ಎಂ.ಶ್ರೀ.: ಸಂಶಯ ಮತ್ತು ಭರವಸೆಗಳ ನಡುವಿನ ಸಾಧನೆ

ಆಧುನಿಕ ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಬಿ.ಎಂ.ಶ್ರೀಕಂಠಯ್ಯನವರನ್ನು ನವೋದಯದ ಪ್ರವರ್ತಕರೆಂದು ಗುರುತಿಸುವುದು ವಾಡಿಕೆ. ಈ ಗುರುತಿನಲ್ಲಿ ಅವರ ಉತ್ಸಾಹಕ್ಕೆ ಸಂದಿರುವಷ್ಟು ಗೌರವ ಅವರ ಸಂಶಯಬುದ್ಧಿಗೆ ಸಂದಿಲ್ಲ. ಒಂದು ವಿಚಾರದ ದೋಷವನ್ನು ನಿರ್ದಾಕ್ಷಿಣ್ಯವಾಗಿ ಕಾಣುವುದು, ಆ ದೋಷದ ನೆಪದಲ್ಲಿ ವಿಚಾರವನ್ನೇ ಕೈಬಿಡದೆ ಅದರಲ್ಲಿ ಬೆಳೆಯಬಲ್ಲ ಅಂಶ ಯಾವುದೆಂದು ಹುಡುಕುವುದು, ಈ ಎರಡೂ ಪ್ರವೃತ್ತಿಗಳು ಅವರಲ್ಲಿ ಜೊತೆಗಿದ್ದವು. ಅವುಗಳ ಸಮತೋಲ ಉಳಿದ ಕಡೆ ಅವರ ಕಾರ್ಯ ಪರಂಪರೆಯಾಯಿತು. ತಪ್ಪಿದ ಕಡೆ ಪ್ರಯೋಗವಾಗಿಯೇ ನಿಂತಿತು. ಅವರ ಬದುಕನ್ನು ಈ ನೆಲೆಯಿಂದ ಪರಿಶೀಲಿಸುವುದಕ್ಕೆ ಅವಕಾಶವಿದೆ.

ಬೆಳ್ಳೂರು ಮೈಲಾರಯ್ಯನವರ ಮಗನಾದ ಶ್ರೀಕಂಠಯ್ಯನವರು ಹುಟ್ಟಿದ್ದು 1884ರ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ಮದರಾಸು ವಿಶ್ವವಿದ್ಯಾನಿಲಯದಿಂದ ಕಾನೂನು ಪದವಿಯನ್ನೂ ಎಂ.ಎ. ಪದವಿಯನ್ನೂ ಪಡೆದು, 1909ರಿಂದ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಕರಾದರು. ಕನ್ನಡದ ಕೆಲಸಕ್ಕೆ ಅವರು ಬಂದದ್ದು ಇಂಗ್ಲಿಷ್ ತರಗತಿಯ ಬಾಗಿಲಿನಿಂದ. ಹೀಗಾಗಿ ಕನ್ನಡವನ್ನು ಒಳಗಿನವರ ಮಮತೆಯಿಂದಲೂ ತೌಲನಿಕ ದೃಷ್ಟಿಯ ನಿಷ್ಠುರತೆಯಿಂದಲೂ ಏಕಕಾಲದಲ್ಲಿ ನೋಡುವುದು ಅವರಿಗೆ ಸಾಧ್ಯವಾಯಿತು.

ಈ ದ್ವಿಮುಖ ನೋಟದ ಮೊದಲ ಫಲ 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಅವರು ಮಾಡಿದ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಉಪನ್ಯಾಸ. ಅಂದು ಕನ್ನಡಿಗರು ಮೈಸೂರು ಸಂಸ್ಥಾನ, ಮುಂಬಯಿ ಹಾಗೂ ಮದರಾಸು ಪ್ರಾಂತಗಳು, ನಿಜಾಮರ ರಾಜ್ಯ, ಕೊಡಗು ಹೀಗೆ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಸಾಹಿತ್ಯ ಪರಿಷತ್ತಾಗಲಿ ಮೈಸೂರು ವಿಶ್ವವಿದ್ಯಾನಿಲಯವಾಗಲಿ ಇನ್ನೂ ಹುಟ್ಟಿರಲಿಲ್ಲ. ಇಂತಹ ಸಂದರ್ಭದಲ್ಲಿ ಎರಡು ಸುಲಭ ದಾರಿಗಳಿದ್ದವು: ಪ್ರಾಚೀನ ವೈಭವವನ್ನು ಕೊಂಡಾಡಿ ಸಭೆಯನ್ನು ತಣಿಸುವುದು, ಇಲ್ಲವೇ ಇಂಗ್ಲಿಷಿನೆದುರು ಕನ್ನಡಕ್ಕೆ ಭವಿಷ್ಯವಿಲ್ಲವೆಂದು ಕೈಚೆಲ್ಲುವುದು. ಇಪ್ಪತ್ತೇಳು ವಯಸ್ಸಿನ ಅಧ್ಯಾಪಕರು ಎರಡನ್ನೂ ಆಯ್ದುಕೊಳ್ಳಲಿಲ್ಲ. ಹಳಗನ್ನಡ ಜನಸಾಮಾನ್ಯರಿಂದ ದೂರವಾಗಿರುವುದನ್ನೂ, ವಿದ್ಯಾವಂತರು ತಮ್ಮ ನುಡಿಯನ್ನು ಕಡೆಗಣಿಸಿರುವುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಬಳಕೆಯಲ್ಲಿರುವ ಹೊಸಗನ್ನಡವನ್ನೇ ಸಾಧನವಾಗಿಸಿ, ಇಂಗ್ಲಿಷ್ ಸಾಹಿತ್ಯದ ಸತ್ವವನ್ನು ಅದಕ್ಕೆ ತರಬೇಕೆಂಬುದು ಅವರ ಪ್ರತಿಪಾದನೆಯಾಗಿತ್ತು. ಆ ಉಪನ್ಯಾಸದಲ್ಲಿ ಭರವಸೆ ಎಂಬುದು ಮನೋಭಾವವಾಗಿ ಉಳಿಯದೆ ಮಾಡಬೇಕಾದ ಕೆಲಸಗಳ ಪಟ್ಟಿಯಾಗಿ ರೂಪುಗೊಂಡದ್ದು ಗಮನಾರ್ಹ.

ಆ ಪಟ್ಟಿಯಲ್ಲಿನ ಒಂದು ಕೆಲಸವನ್ನು ಅವರು ತಾವೇ ಕೈಗೆತ್ತಿಕೊಂಡರು. 1926ರಲ್ಲಿ ವಿಸ್ತೃತ ರೂಪದಲ್ಲಿ ಬಂದ ‘ಇಂಗ್ಲಿಷ್ ಗೀತಗಳು’ ಸಂಕಲನದ ಸುಮಾರು 60 ಕವಿತೆಗಳಲ್ಲಿ ಬಹುಪಾಲು ಅನುವಾದಗಳು. ಈ ಬಗೆಯ ಪ್ರಯತ್ನ ಅವರಿಂದಲೇ ಮೊದಲಾಯಿತೆನ್ನುವುದು ಸರಿಯಲ್ಲ. ಎಸ್.ಜಿ.ನರಸಿಂಹಾಚಾರ್, ಹಟ್ಟಿಯಂಗಡಿ ನಾರಾಯಣರಾಯರು ಇಂಗ್ಲಿಷ್ ಕವಿತೆಗಳನ್ನು ಮೊದಲೇ ಕನ್ನಡಿಸಿದ್ದರು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿಯೇ ಪ್ರಾಸವನ್ನು ತೊರೆದಿದ್ದರು. ಬಿ.ಎಂ.ಶ್ರೀ. ಅವರ ವೈಶಿಷ್ಟ್ಯವಿರುವುದು ಆಯ್ಕೆ ಮತ್ತು ನಿರಾಕರಣೆಗಳ ಪ್ರಮಾಣದಲ್ಲಿ. ದ್ವಿತೀಯಾಕ್ಷರ ಪ್ರಾಸದ ಕಟ್ಟು ಭಾವಗೀತೆಗೆ ಅಡ್ಡಿಯೆಂದು ಕಂಡಾಗ ಅದನ್ನು ಬಿಟ್ಟರು. ಆದರೆ ಅದರೊಡನೆ ದೇಶೀಯ ಛಂದಸ್ಸನ್ನು ಬಿಡಲಿಲ್ಲ. ಇಂಗ್ಲಿಷಿನ ಲಯವನ್ನು ಯಥಾವತ್ತಾಗಿ ತಾರದೆ, ಷಟ್ಪದಿ ರಗಳೆಗಳಲ್ಲಿದ್ದ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನೇ ಬಿಡಿಸಿ ಹೊಸ ಪಾದಗಳಾಗಿ ಜೋಡಿಸಿದರು. ಕ್ಯಾಂಪ್‌ಬೆಲ್‌ನ ಲಾರ್ಡ್ ಅಲಿನ್ ಇಲ್ಲಿ ಕರಿಹೆಗ್ಗಡೆಯಾದನು. ನ್ಯೂಮನ್‌ನ ಕ್ರೈಸ್ತ ಪ್ರಾರ್ಥನೆ ಮತಭೇದವಿಲ್ಲದೆ ಕನ್ನಡಿಗರ ಪ್ರಾರ್ಥನೆಯಾಗಿ ನೆಲೆಗೊಂಡಿತು. ಪರಂಪರೆಯ ಪರೀಕ್ಷೆ ಮತ್ತು ಹೊಸತರ ಸ್ವಾಗತ ಇಲ್ಲಿ ಒಂದನ್ನೊಂದು ಹಿಡಿದು ನಿಲ್ಲಿಸಿದ್ದರಿಂದಲೇ ಈ ಲಯಗಳು ಮುಂದಿನ ತಲೆಮಾರಿನ ಕವಿಗಳಿಗೆ ಸಹಜವಾಗಿ ಒದಗಿದವು.

ರುದ್ರನಾಟಕದ ವಿಷಯದಲ್ಲಿ ಈ ಸಮತೋಲ ಅಷ್ಟು ಸರಳವಾಗಿ ಸಾಧಿಸಲಿಲ್ಲ. ಗ್ರೀಕ್ ನಾಟಕಗಳ ದುರಂತದೃಷ್ಟಿ ಕನ್ನಡಕ್ಕೆ ಬರಬೇಕೆಂಬುದು ಅವರ ಹಂಬಲವಾಗಿತ್ತು. ರನ್ನನ ಕಾವ್ಯವನ್ನು ಆಧರಿಸಿದ ‘ಗದಾಯುದ್ಧ ನಾಟಕಂ’ (1926) ಭೀಮನ ವಿಜಯದ ಕಥೆಯಲ್ಲಿ ದುರ್ಯೋಧನನ ದುರಂತವನ್ನು ಕಂಡಿತು. ಸೊಫೋಕ್ಲಿಸ್‌ನ ‘ಅಯಾಸ್’ ನಾಟಕದಿಂದ ಪ್ರೇರಣೆ ಪಡೆದ ‘ಅಶ್ವತ್ಥಾಮನ್’ (1929) ಇನ್ನೂ ದಿಟ್ಟವಾದ ಹೆಜ್ಜೆಯಿಟ್ಟು, ಪುರಾಣಪ್ರಸಿದ್ಧ ಚಿರಂಜೀವಿಗೆ ಮರಣವನ್ನು ವಿಧಿಸಿತು. ಈಸ್ಕಿಲಸ್‌ನ ನಾಟಕದ ಅನುವಾದವಾದ ‘ಪಾರಸಿಕರು’ 1935ರಲ್ಲಿ ಬಂದಿತು. ವಸ್ತುವಿನ ಮಟ್ಟಿಗೆ ಇವು ಪರಂಪರೆಯ ಸೃಜನಶೀಲ ಪುನರ್ವಿಮರ್ಶೆಗಳು. ಆದರೆ ಮೊದಲ ಎರಡು ನಾಟಕಗಳಿಗೆ ಅವರು ಆಯ್ದುಕೊಂಡ ಭಾಷೆ ಹಳಗನ್ನಡ. 1911ರಲ್ಲಿ ತಾವೇ ಮಂಡಿಸಿದ್ದ ವಿಮರ್ಶೆಯನ್ನು ಅವರು ಇಲ್ಲಿ ಅನ್ವಯಿಸಲಿಲ್ಲ. ದುರಂತದ ಗಾಂಭೀರ್ಯಕ್ಕೆ ಹಳೆಯ ನುಡಿಯ ಬಿಗಿ ಬೇಕೆಂಬ ನಂಬಿಕೆ, ಕೇಳುವವರಿಗೆ ಅದು ತಲುಪುವುದೇ ಎಂಬ ಪ್ರಶ್ನೆಯನ್ನು ಹಿಂದೆ ಸರಿಸಿತು. ಪರಿಣಾಮವಾಗಿ ಈ ಕೃತಿಗಳು ರಂಗಭೂಮಿಗಿಂತ ಹೆಚ್ಚಾಗಿ ತರಗತಿಗಳಲ್ಲಿ ಬದುಕಿದವು. ಹಾಗೆಂದು ಪ್ರಯತ್ನವೇ ವ್ಯರ್ಥವಾಯಿತೆನ್ನಲಾಗದು. ಅವರು ತಂದ ರುದ್ರದೃಷ್ಟಿಯನ್ನು ಮುಂದಿನವರು ಉಳಿಸಿಕೊಂಡು ನುಡಿಯನ್ನು ತಮ್ಮ ಅಗತ್ಯಕ್ಕೆ ತಕ್ಕಂತೆ ಬದಲಿಸಿಕೊಂಡರು. ಒಂದರ್ಥದಲ್ಲಿ, ದೋಷವನ್ನು ಬಿಟ್ಟು ಸತ್ವವನ್ನು ಉಳಿಸಿಕೊಳ್ಳುವ ಅವರದೇ ಕ್ರಮ ಅವರ ಕೃತಿಗಳಿಗೂ ಅನ್ವಯವಾಯಿತು.

ಸಾಂಸ್ಥಿಕ ವಲಯದಲ್ಲಿ ಅವರ ಎಚ್ಚರ ಮತ್ತೆ ಕೆಲಸ ಮಾಡಿದೆ. ಅವರು ಮೈಸೂರು ವಿಶ್ವವಿದ್ಯಾನಿಲಯದ ಕುಲಸಚಿವರಾಗಿದ್ದ ಅವಧಿಯಲ್ಲಿ, 1927ರಲ್ಲಿ, ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಕುವೆಂಪು, ಡಿ.ಎಲ್.ನರಸಿಂಹಾಚಾರ್ ಅವರಂಥವರು ಅದರ ಮೊದಲ ವಿದ್ಯಾರ್ಥಿಗಳಲ್ಲಿದ್ದರು. ಪದವಿಯನ್ನು ಸ್ಥಾಪಿಸಿದ ಮಾತ್ರಕ್ಕೆ ಅದಕ್ಕೆ ಬೇಕಾದ ಶಾಸ್ತ್ರಗ್ರಂಥಗಳು ಹುಟ್ಟುವುದಿಲ್ಲವೆಂಬ ಅರಿವು ಅವರಿಗಿತ್ತು. ‘ಕನ್ನಡ ಕೈಪಿಡಿ’ಯ ಯೋಜನೆಯಲ್ಲಿ ಛಂದಸ್ಸು ಮತ್ತು ಸಾಹಿತ್ಯ ಚರಿತ್ರೆಯ ಕುರಿತು ಅವರು ದುಡಿದದ್ದು ಈ ಅರಿವಿನಿಂದ. 1928ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. 1938ರಿಂದ ಕೆಲವು ವರ್ಷ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿದ್ದಾಗ ಪರೀಕ್ಷೆ, ಪತ್ರಿಕೆಗಳಂತಹ ನಿತ್ಯದ ಕೆಲಸಗಳಿಗೆ ಒತ್ತು ಕೊಟ್ಟರು. 1941ರಲ್ಲಿ ಶಿಷ್ಯರೂ ಮಿತ್ರರೂ ಅರ್ಪಿಸಿದ ‘ಸಂಭಾವನೆ’ ಅಭಿನಂದನ ಗ್ರಂಥ ಈ ದುಡಿಮೆಗೆ ಸಂದ ಮನ್ನಣೆ.

ನಿವೃತ್ತಿಯ ಬಳಿಕ 1944ರಲ್ಲಿ ಅವರು ಧಾರವಾಡಕ್ಕೆ ಹೋಗಿ ಅಲ್ಲಿನ ಹೊಸ ಕಾಲೇಜೊಂದರ ಪ್ರಾಂಶುಪಾಲರಾದರು. 1946ರ ಜನವರಿ 5ರಂದು ಅಲ್ಲಿಯೇ ನಿಧನರಾದರು. ಆ ಊರಿನಲ್ಲಿ ಕನ್ನಡದ ಭವಿಷ್ಯವನ್ನು ಕುರಿತು ಅವರು ಮಾತನಾಡಿ ಸುಮಾರು ಮೂವತ್ತೈದು ವರ್ಷಗಳಾಗಿದ್ದವು. ಅಷ್ಟರಲ್ಲಿ ಭಾವಗೀತೆ ಬೇರೂರಿತ್ತು, ವಿಶ್ವವಿದ್ಯಾನಿಲಯದಲ್ಲಿ ಕನ್ನಡಕ್ಕೆ ಉನ್ನತ ಪದವಿ ದೊರೆತಿತ್ತು. ಕನ್ನಡ ನಾಡು ಮಾತ್ರ ಇನ್ನೂ ಒಂದಾಗಿರಲಿಲ್ಲ.

ಬಿ.ಎಂ.ಶ್ರೀ. ಅವರ ಬದುಕಿನಲ್ಲಿ ವಿಮರ್ಶೆ ಮತ್ತು ಭರವಸೆ ಪರಸ್ಪರ ವಿರುದ್ಧ ಧ್ರುವಗಳಾಗಿರಲಿಲ್ಲ. ಭರವಸೆಯಿಲ್ಲದ ವಿಮರ್ಶೆ ಕನ್ನಡವನ್ನು ಕೈಬಿಡುತ್ತಿತ್ತು. ವಿಮರ್ಶೆಯಿಲ್ಲದ ಭರವಸೆ ಅದನ್ನು ಹೊಗಳಿಕೆಯಲ್ಲಿ ಮುಳುಗಿಸುತ್ತಿತ್ತು. ತಮ್ಮ ತೀರ್ಮಾನಗಳನ್ನು ಅವರು ಕೃತಿರಚನೆಯ ಮೂಲಕವೇ ಪರೀಕ್ಷೆಗೊಡ್ಡಿದರು. ಈ ಕಾರಣದಿಂದ ಅವರ ಸೋಲುಗಳೂ ಉತ್ತರಕಾಲೀನರಿಗೆ ಬಳಕೆಗೆ ಬರುವ ಅರಿವಾಗಿ ಉಳಿದಿವೆ.